ಲಾರಿಯ ಸಿಬಿ ರೇಡಿಯೋ: ಆಂಟೆನಾ ಮತ್ತು ಗ್ರೌಂಡ್ ತೊಂದರೆ ಹುಡುಕುವ ಕ್ರಮ

ಲಾರಿಯ ಸಿಬಿ (ಸಿಟಿಜನ್ಸ್ ಬ್ಯಾಂಡ್, ಮೈಕ್ ಒತ್ತಿ ಮಾತಾಡುವ ರೇಡಿಯೋ) ಸೆಟ್ಟಿನಿಂದ ಮಾತು ದೂರ ಹೋಗುತ್ತಿಲ್ಲ ಎಂದಾಗ ಅನುಮಾನ ಮೊದಲು ಬೀಳುವುದು ಸೆಟ್ಟಿನ ಮೇಲೆ. ಬಿಚ್ಚಿ ರಿಪೇರಿಗೆ ಕೊಟ್ಟರೆ ಅಲ್ಲಿ ಮೇಜಿನ ಮೇಲೆ ಚೆನ್ನಾಗಿಯೇ ಮಾತಾಡುತ್ತದೆ, ಮತ್ತೆ ಲಾರಿಗೆ ಹಾಕಿದರೆ ಹಳೆಯದೇ ಪಾಡು. ಏಕೆಂದರೆ ತೊಂದರೆ ಇರುವುದು ಬಹುತೇಕ ಸೆಟ್ಟಿನ ಹಿಂಬದಿಯ ಸಾಕೆಟ್ಟಿನಿಂದ ಆಚೆಗೆ: ಕೇಬಲ್, ಕನೆಕ್ಟರ್, ಆಂಟೆನಾ ಕೂರುವ ಮೌಂಟ್, ಆ ಮೌಂಟ್ ಕ್ಯಾಬಿನ್ನಿನ ಲೋಹಕ್ಕೆ ತಾಗುವ ಜಾಗ, ಅಂದರೆ ಗ್ರೌಂಡ್. ಈ ನಾಲ್ಕರಲ್ಲಿ ಕೊನೆಯದನ್ನು ಜನ ನೋಡುವುದೇ ಕಡಿಮೆ, ಕೈಕೊಡುವುದೂ ಅದೇ ಹೆಚ್ಚು. ಗ್ರೌಂಡ್ ಸರಿಯಿಲ್ಲದ ಆಂಟೆನಾವನ್ನು ಎಷ್ಟು ಟ್ಯೂನ್ ಮಾಡಿದರೂ ಪ್ರಯೋಜನವಿಲ್ಲ. ಆದ್ದರಿಂದ ಇಲ್ಲಿ ಹೇಳುವ ಕ್ರಮ ಮುಖ್ಯ: ಮೊದಲು ಕಣ್ಣು, ಆಮೇಲೆ ಮಲ್ಟಿಮೀಟರ್, ಆಮೇಲೆ ಎಸ್‌ಡಬ್ಲ್ಯುಆರ್ ಮೀಟರ್ (ಕಳಿಸಿದ ಶಕ್ತಿ ಆಂಟೆನಾದಿಂದ ಎಷ್ಟು ಹಿಂದಿರುಗುತ್ತದೆ ಎಂದು ತೋರುವ ಮೀಟರ್; 1 ಎಂದರೆ ಏನೂ ಹಿಂದಿರುಗದು, ಅಂಕೆ ಏರಿದಷ್ಟೂ ಕೆಟ್ಟದ್ದು). ಆಂಟೆನಾದ ಉದ್ದಕ್ಕೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ.

ಲಾರಿಯಲ್ಲೇ ಈ ತೊಂದರೆ ಏಕೆ ಹೆಚ್ಚು

ಸಿಬಿ ಕೆಲಸ ಮಾಡುವುದು 27 ಮೆಗಾಹರ್ಟ್ಸ್ ಸುತ್ತಮುತ್ತ. 40 ಚಾನೆಲ್‌ಗಳ ಸೆಟ್ಟಿನಲ್ಲಿ 1ನೇ ಚಾನೆಲ್ 26.965 ಮೆಗಾಹರ್ಟ್ಸ್‌ನಲ್ಲೂ 40ನೇ ಚಾನೆಲ್ 27.405 ಮೆಗಾಹರ್ಟ್ಸ್‌ನಲ್ಲೂ ಇರುತ್ತದೆ. ಈ ಅಲೆಯ ಉದ್ದ ಸುಮಾರು 11 ಮೀಟರ್. ಅದರ ಕಾಲು ಭಾಗ, ಅಂದರೆ ಹತ್ತಿರಹತ್ತಿರ 2.75 ಮೀಟರ್ ಉದ್ದದ ಕಡ್ಡಿ ಈ ತರಂಗಕ್ಕೆ ಸಹಜವಾದ ಆಂಟೆನಾ. ಲಾರಿಯ ಕನ್ನಡಿ ಪಕ್ಕ ಅಷ್ಟುದ್ದದ್ದನ್ನು ನಿಲ್ಲಿಸಲಾಗದು. ಹಾಗಾಗಿ ಫೈಬರ್‌ಗ್ಲಾಸ್ ಕಡ್ಡಿಗೆ ತಂತಿ ಸುತ್ತಿ ಮೂರು-ನಾಲ್ಕು ಅಡಿಗೆ ಇಳಿಸಿದ ಆಂಟೆನಾಗಳೇ ಸಾಮಾನ್ಯ. ಹೀಗೆ ಮೋಟಾದ ಆಂಟೆನಾ ತನ್ನ ಅರ್ಧ ಕೆಲಸವನ್ನು ಕೆಳಗಿನ ಲೋಹದಿಂದ ಮಾಡಿಸಿಕೊಳ್ಳುತ್ತದೆ. ಕಡ್ಡಿಗೆ ಹೋಗುವ ಕರೆಂಟಿಗೆ ಜೋಡಿಯಾಗಿ ಅಷ್ಟೇ ಕರೆಂಟ್ ಕ್ಯಾಬಿನ್ನಿನ ಲೋಹದಲ್ಲಿ ಹರಿಯಬೇಕು. ಆ ಲೋಹವೇ ಗ್ರೌಂಡ್ ಪ್ಲೇನ್.

ಕಾರಿನ ತಗಡಿನ ಮೇಲ್ಛಾವಣಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಲಾರಿಯ ಸಂಗತಿ ಹಾಗಿಲ್ಲ. ಆಂಟೆನಾ ಕೂರುವುದು ಕನ್ನಡಿಯ ತೋಳಿನ ಮೇಲೆ. ಆ ತೋಳಿಗೂ ಬಾಗಿಲಿಗೂ ನಡುವೆ ಪ್ಲಾಸ್ಟಿಕ್ ಅಥವಾ ರಬ್ಬರ್ ಪ್ಯಾಡ್ ಇರುತ್ತದೆ. ಬಾಗಿಲಿಗೂ ಕ್ಯಾಬಿನ್ನಿಗೂ ನಡುವೆ ಗ್ರೀಸ್ ತುಂಬಿದ ಹಿಂಜುಗಳು. ಹಲವು ಕ್ಯಾಬಿನ್ನುಗಳ ಛಾವಣಿಯೂ ಬಾನೆಟ್ಟೂ ಫೈಬರ್‌ಗ್ಲಾಸ್‌ನದ್ದೇ. ಇನ್ನು ಇಡೀ ಕ್ಯಾಬಿನ್ ಷಾಸಿಯ ಮೇಲೆ ಕೂತಿರುವುದು ರಬ್ಬರ್ ಬುಷ್ ಅಥವಾ ಏರ್ ಸಸ್ಪೆನ್ಷನ್ ಮೇಲೆ. ನೋಡಲು ಒಂದೇ ಕಬ್ಬಿಣದ ರಾಶಿಯಂತಿದ್ದರೂ ವಿದ್ಯುತ್ತಿನ ಲೆಕ್ಕದಲ್ಲಿ ಇವು ಬೇರೆಬೇರೆ ತುಂಡುಗಳು. ಅವುಗಳನ್ನು ಬೆಸೆಯುವ ಕೆಲಸ ನಮ್ಮದು.

ಡಿಸಿ ಗ್ರೌಂಡ್ ಇದ್ದರೆ ಸಾಕೇ?

ಸಾಲದು. ಹೆಚ್ಚಿನವರು ಎಡವುವುದೇ ಇಲ್ಲಿ. ಮಲ್ಟಿಮೀಟರಿನಲ್ಲಿ ಮೌಂಟ್‌ಗೂ ಷಾಸಿಗೂ ನಡುವೆ 0.2 ಓಮ್ ಬಂತು, ಗ್ರೌಂಡ್ ಪಕ್ಕಾ ಇದೆ ಎಂದು ನಿಶ್ಚಿಂತೆಯಿಂದ ಮುಂದಕ್ಕೆ ಹೋಗುತ್ತಾರೆ. ಓಮ್ ಅಳೆಯುವಾಗ ಮಲ್ಟಿಮೀಟರ್ ಬಳಸುವುದು ಡಿಸಿಯನ್ನು, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟನ್ನು ಮಾತ್ರ. ಒಂದು ಮೀಟರ್ ಉದ್ದದ ಸಾಮಾನ್ಯ ತಂತಿಗೆ ಡಿಸಿಯಲ್ಲಿ ಓಮ್‌ನ ಸಣ್ಣ ಭಾಗದಷ್ಟು ಮಾತ್ರ ತಡೆ. ಅದೇ ತಂತಿಗೆ ಸುಮಾರು ಒಂದು ಮೈಕ್ರೋಹೆನ್ರಿ ಇಂಡಕ್ಟೆನ್ಸ್ (ಬದಲಾಗುವ ಕರೆಂಟಿಗೆ ಅಡ್ಡಿಯಾಗುವ ಗುಣ) ಇರುತ್ತದೆ. 27 ಮೆಗಾಹರ್ಟ್ಸ್‌ನಲ್ಲಿ ಅದು 170 ಓಮ್‌ನಷ್ಟು ಅಡ್ಡಿಯಾಗುತ್ತದೆ. 50 ಓಮ್‌ಗೆ ಹೊಂದಿಸಿದ ವ್ಯವಸ್ಥೆಯಲ್ಲಿ 170 ಓಮ್‌ನ ಗ್ರೌಂಡ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ತಂತಿ ಇನ್ನೂ ಉದ್ದವಾಗಿ 2.7 ಮೀಟರ್ ಹತ್ತಿರ ಬಂದರೆ ಅದೇ ಒಂದು ಕಾಲು ಅಲೆಯ ಕಡ್ಡಿಯಾಗಿ, ಮೌಂಟ್ ಕಡೆಯಿಂದ ನೋಡಿದಾಗ ಕಡಿದು ಹೋದ ತಂತಿಯಂತೆ ವರ್ತಿಸುತ್ತದೆ.

ಇದರಿಂದ ಎರಡು ನಿಯಮ ಹೊರಡುತ್ತವೆ. ಗ್ರೌಂಡ್ ಪಟ್ಟಿ ಅಗಲವಾಗಿರಬೇಕು, ಗಿಡ್ಡವಾಗಿರಬೇಕು. ದುಂಡನೆಯ ತಂತಿಯ ಬದಲು ತವರ ಲೇಪಿಸಿದ ತಾಮ್ರದ ಹೆಣೆದ ಪಟ್ಟಿ ಬಳಸಿ; ಅಗಲ 12ರಿಂದ 25 ಮಿಲಿಮೀಟರ್, ಉದ್ದ ಸಾಧ್ಯವಾದಷ್ಟೂ 30 ಸೆಂಟಿಮೀಟರಿನೊಳಗೆ. ಮೌಂಟ್‌ನಿಂದ ಬ್ಯಾಟರಿಯ ನೆಗೆಟಿವ್ ತನಕ ಉದ್ದುದ್ದ ತಂತಿ ಎಳೆಯುವುದು ದುಡ್ಡಿಗೂ ದಂಡ, ಶ್ರಮಕ್ಕೂ ದಂಡ.

ಬೇಕಾಗುವ ಸಾಮಾನು

ಡಿಜಿಟಲ್ ಮಲ್ಟಿಮೀಟರ್, ಸಿಬಿಗೆ ಹೊಂದುವ ಎಸ್‌ಡಬ್ಲ್ಯುಆರ್ ಮೀಟರ್, ಮೀಟರಿಗೂ ಸೆಟ್ಟಿಗೂ ನಡುವೆ ಹಾಕಲು ಅರ್ಧದಿಂದ ಒಂದು ಮೀಟರ್ ಉದ್ದದ ಒಳ್ಳೆಯ ಜಂಪರ್ ಕೇಬಲ್, 50 ಓಮ್‌ನ ಡಮ್ಮಿ ಲೋಡ್ (ಆಂಟೆನಾದ ಬದಲು ಹಾಕುವ, ಶಕ್ತಿಯನ್ನು ಬಿಸಿಯಾಗಿಸಿ ಕಳೆಯುವ ರೆಸಿಸ್ಟರ್). ಜೊತೆಗೆ ಎಮರಿ ಪೇಪರ್, ವೈರ್ ಬ್ರಷ್, ಸ್ಪ್ಯಾನರ್‌ಗಳು, ಹಲ್ಲಿನ ವಾಷರ್‌ಗಳು, ಹೆಣೆದ ಪಟ್ಟಿ, ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪು. ಆಂಟೆನಾ ಅನಲೈಸರ್ (ತಾನೇ ಸಣ್ಣ ಸಿಗ್ನಲ್ ಕಳಿಸಿ ಆಂಟೆನಾ, ಕೇಬಲ್ ಅಳೆಯುವ ಉಪಕರಣ) ಸಿಕ್ಕರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಅದು ಇಲ್ಲದೆಯೂ ಆಗುತ್ತದೆ. ಡಮ್ಮಿ ಲೋಡ್ ಮಾತ್ರ ಇರಲೇಬೇಕು. ಸಣ್ಣ ವಸ್ತು, ಆದರೆ ತಪ್ಪು ಕೇಬಲ್ಲಿನದೋ ಆಂಟೆನಾದ್ದೋ ಎಂಬ ಜಗಳವನ್ನು ನಿಮಿಷದಲ್ಲಿ ಬಗೆಹರಿಸುತ್ತದೆ.

ಒಂದು ಎಚ್ಚರಿಕೆ: ಆಂಟೆನಾವಾಗಲಿ ಡಮ್ಮಿ ಲೋಡ್ ಆಗಲಿ ಇಲ್ಲದೆ ಮೈಕ್‌ನ ಗುಂಡಿ ಒತ್ತಬೇಡಿ. ಹೊರಗೆ ಹೋಗಲು ದಾರಿಯಿಲ್ಲದ ಶಕ್ತಿ ಹಿಂದಕ್ಕೆ ಬಂದು ಸೆಟ್ಟಿನ ಕೊನೆಯ ಹಂತದ ಟ್ರಾನ್ಸಿಸ್ಟರನ್ನು ಸುಡಬಹುದು.

ಮೊದಲ ಹಂತ: ಕಣ್ಣು ಮತ್ತು ಕೈ

ಲಾರಿಯ ಸುತ್ತ ಒಂದು ಸುತ್ತು ಹಾಕಿ. ಆಂಟೆನಾದ ತುದಿಯ ರಬ್ಬರ್ ಟೋಪಿ ಇದೆಯೇ ನೋಡಿ. ಅದು ಬಿದ್ದುಹೋದರೆ ನೀರು ಇಳಿಯುವುದಲ್ಲದೆ ಒಣಹವೆಯಲ್ಲಿ ಓಡುವಾಗ ಸ್ಟ್ಯಾಟಿಕ್ ಚರಚರವೂ ಹೆಚ್ಚುತ್ತದೆ. ಮರದ ಕೊಂಬೆಗೋ ಸೇತುವೆಗೋ ಬಡಿದ ಫೈಬರ್‌ಗ್ಲಾಸ್ ಕಡ್ಡಿ ಹೊರಗಿನಿಂದ ಸೆಟೆದು ನಿಂತಿದ್ದರೂ ಒಳಗಿನ ತಂತಿ ಕಡಿದಿರಬಹುದು. ಪ್ಲಾಸ್ಟಿಕ್ ಹೊದಿಕೆಯಲ್ಲಿ ಬಿಳಿಯ ಗೆರೆ ಕಂಡರೆ ಆ ಜಾಗವನ್ನು ಮೆಲ್ಲಗೆ ಬಗ್ಗಿಸಿ ನೋಡಿ.

ಕೇಬಲ್ಲನ್ನು ಸೆಟ್ಟಿನಿಂದ ಮೌಂಟ್ ತನಕ ಬೆರಳಿನಲ್ಲಿ ಸವರುತ್ತಾ ಹೋಗಿ. ಬಾಗಿಲಿನ ಸಂದಿನಲ್ಲಿ ಸಿಕ್ಕಿ ಚಪ್ಪಟೆಯಾದ ಜಾಗ ಕೈಗೆ ಗೊತ್ತಾಗುತ್ತದೆ. ಅಲ್ಲಿ ಒಳತಂತಿ ಹೊರಜಾಲರಿಯ ಹತ್ತಿರಕ್ಕೆ ಸರಿದು ಕೇಬಲ್ 50 ಓಮ್ ಆಗಿ ಉಳಿದಿರುವುದಿಲ್ಲ. ಬಿಸಿಲಿಗೆ ಬಿಸಿಲು ಸೇರಿ ಒಳಗಿನ ಪ್ಲಾಸ್ಟಿಕ್ ಮೆತ್ತಗಾದಾಗ ಪೂರ್ತಿ ಶಾರ್ಟ್ ಆಗುವುದೂ ಇದೇ ಜಾಗದಲ್ಲಿ. ಹೆಚ್ಚಾದ ಕೇಬಲ್ಲನ್ನು ಸೀಟಿನ ಹಿಂದೆ ಮುಷ್ಟಿಯಷ್ಟು ಸಣ್ಣದಾಗಿ ಸುತ್ತಿ ಟೈ ಬಿಗಿದಿದ್ದರೆ ಬಿಚ್ಚಿ, 30 ಸೆಂಟಿಮೀಟರ್ ಅಗಲಕ್ಕೆ ಎಂಟರ ಆಕಾರದಲ್ಲಿ ಸಡಿಲವಾಗಿ ಮಡಚಿಡಿ.

ಮೌಂಟಿನಲ್ಲಿ ನೋಡಬೇಕಾದ್ದು ನೈಲಾನ್ ವಾಷರ್. ಲಾರಿಗಳಲ್ಲಿ ಹೆಚ್ಚಾಗಿ ಬಳಸುವ ಸ್ಟಡ್ ಮೌಂಟ್‌ನಲ್ಲಿ ಕಂಠವಿರುವ ಒಂದು ನೈಲಾನ್ ವಾಷರ್ ಬ್ರಾಕೆಟ್ಟಿನ ತೂತಿನೊಳಗೆ ಕೂತು, ಆಂಟೆನಾ ಕೂರುವ ಸ್ಟಡ್ (ಬೋಲ್ಟು) ಬ್ರಾಕೆಟ್ಟಿಗೆ ತಾಗದಂತೆ ತಡೆಯುತ್ತದೆ. ಅದು ಒಡೆದರೂ, ತಲೆಕೆಳಗಾಗಿ ಕೂತರೂ, ಯಾರೋ ಬಿಚ್ಚಿದವರು ಮತ್ತೆ ಹಾಕಲು ಮರೆತರೂ ಆಂಟೆನಾ ನೇರವಾಗಿ ಗ್ರೌಂಡಿಗೆ ಶಾರ್ಟ್. ಹೊಸದಾಗಿ ಕೂರಿಸಿದ ಆಂಟೆನಾ ಒಂದು ಕ್ಷಣವೂ ಕೆಲಸ ಮಾಡಲಿಲ್ಲ ಎಂದರೆ ಬೇರೆಲ್ಲ ಬಿಟ್ಟು ಈ ವಾಷರನ್ನೇ ಮೊದಲು ನೋಡಿ.

ಸ್ಪ್ರಿಂಗ್ ಇದ್ದರೆ ಅದರೊಳಗೆ ತಾಮ್ರದ ಜಡೆ ತುಂಡಾಗದೆ ಇದೆಯೇ ಪರೀಕ್ಷಿಸಿ. ಜಡೆ ಹೋದರೆ ಕರೆಂಟ್ ಸ್ಪ್ರಿಂಗಿನ ಸುರುಳಿಯಲ್ಲೇ ಸುತ್ತಬೇಕು. ಲಾರಿ ಕುಲುಕಿದಂತೆ ಎಸ್‌ಡಬ್ಲ್ಯುಆರ್ ಕೂಡ ಕುಲುಕುತ್ತದೆ.

ಎರಡನೇ ಹಂತ: ಮಲ್ಟಿಮೀಟರ್

ಸೆಟ್ಟಿನ ಹಿಂದಿನಿಂದ ಕೇಬಲ್ ಬಿಚ್ಚಿ. ಮೌಂಟಿನ ಮೇಲಿಂದ ಆಂಟೆನಾವನ್ನೂ ತಿರುಗಿಸಿ ತೆಗೆಯಿರಿ. ಎರಡು ಆಂಟೆನಾ ಇದ್ದರೆ ಎರಡನ್ನೂ ತೆಗೆಯಬೇಕು. ಇನ್ನು ಓಮ್ ಅಳತೆ:

1. ಪಿಎಲ್-259 ಕನೆಕ್ಟರಿನ ನಡುಪಿನ್ನಿನಿಂದ ಆಂಟೆನಾ ಸ್ಟಡ್‌ಗೆ: ಒಂದು ಓಮ್‌ಗಿಂತ ಕಡಿಮೆ ಬರಬೇಕು. ಏನೂ ಬಾರದಿದ್ದರೆ ಒಳತಂತಿ ತುಂಡಾಗಿದೆ ಅಥವಾ ಕನೆಕ್ಟರಿನ ಬೆಸುಗೆ ಬಿಟ್ಟಿದೆ.

2. ನಡುಪಿನ್ನಿನಿಂದ ಕನೆಕ್ಟರಿನ ಹೊರಮೈಗೆ: ಮೀಟರ್ ಏನನ್ನೂ ತೋರಿಸಬಾರದು. ಸೊನ್ನೆಯ ಹತ್ತಿರ ಬಂದರೆ ಶಾರ್ಟ್. ಕೆಲವು ಕಿಲೋಓಮ್ ಅಥವಾ ಮೆಗಾಓಮ್ ಬಂದು ಅಂಕೆ ನಿಲ್ಲದೆ ಅಲೆದಾಡುತ್ತಿದ್ದರೆ ಕೇಬಲ್ಲಿಗೆ ನೀರು ಹೊಕ್ಕಿದೆ.

3. ಕನೆಕ್ಟರಿನ ಹೊರಮೈಯಿಂದ ಮೌಂಟಿನ ಬ್ರಾಕೆಟ್ಟಿಗೆ: 0.5 ಓಮ್‌ನೊಳಗೆ.

4. ಬ್ರಾಕೆಟ್ಟಿನಿಂದ ಬಾಗಿಲಿನ ಬರಿ ಲೋಹಕ್ಕೆ, ಬಾಗಿಲಿನಿಂದ ಕ್ಯಾಬಿನ್ ಕಂಬಕ್ಕೆ, ಕ್ಯಾಬಿನ್ನಿನಿಂದ ಷಾಸಿಗೆ: ಒಂದೊಂದನ್ನೂ ಬೇರೆಬೇರೆಯಾಗಿ ಅಳೆಯಿರಿ. ಪ್ರತಿಯೊಂದೂ 0.5 ಓಮ್‌ನೊಳಗೆ ಇರಬೇಕು.

ಅಳೆಯುವ ಮೊದಲು ಮೀಟರಿನ ತಂತಿಗಳ ತುದಿಯ ಎರಡು ಮುಳ್ಳುಗಳನ್ನು ಒಂದಕ್ಕೊಂದು ತಾಗಿಸಿ ಬಂದ ಅಂಕೆಯನ್ನು ಪ್ರತಿ ಅಳತೆಯಿಂದ ಕಳೆಯಬೇಕು. ಅಗ್ಗದ ಮೀಟರುಗಳಲ್ಲಿ ಆ ತಂತಿಗಳೇ 0.3 ಓಮ್ ತಿನ್ನುತ್ತವೆ. ಪೇಂಟಿನ ಮೇಲೆ ಮುಳ್ಳಿಟ್ಟು ಓದಬೇಡಿ, ಕೆರೆದು ಲೋಹ ಮುಟ್ಟಿಸಿ.

ನಾಲ್ಕನೆಯ ಅಳತೆಯನ್ನು ಮೌಂಟಿನಿಂದ ನೇರ ಷಾಸಿಗೆ ಒಂದೇ ಸಲ ತೆಗೆದರೆ ಮೋಸ ಹೋಗಬಹುದು. ಹಿಂಜಿನ ಗ್ರೀಸಿನ ನಡುವೆ ಎಲ್ಲೋ ಒಂದು ಬಿಂದು ತಾಗಿ ಕಡಿಮೆ ಓಮ್ ತೋರಿಸುತ್ತದೆ, ಬಾಗಿಲು ಅಲುಗಿದರೆ ಇಲ್ಲ. ಆದ್ದರಿಂದ ಒಬ್ಬರು ಮೀಟರ್ ನೋಡುತ್ತಿರುವಾಗ ಇನ್ನೊಬ್ಬರು ಬಾಗಿಲನ್ನು ತೆರೆದು ಮುಚ್ಚಬೇಕು, ಕನ್ನಡಿಯ ತೋಳನ್ನು ಅಲುಗಿಸಬೇಕು, ಕೇಬಲ್ಲನ್ನು ಕನೆಕ್ಟರಿನ ಬುಡದಲ್ಲಿ ಹೊರಳಿಸಬೇಕು. ಅಂಕೆ ಕುಣಿದ ಜಾಗವೇ ತೊಂದರೆಯ ಜಾಗ.

ಆಂಟೆನಾವನ್ನೂ ಬಿಡಿಯಾಗಿ ಅಳೆಯಬಹುದು. ತುದಿಯಲ್ಲಿ ಟ್ಯೂನಿಂಗ್ ತಿರುಪು ಇರುವ ಫೈಬರ್‌ಗ್ಲಾಸ್ ಕಡ್ಡಿಯಾದರೆ ಬುಡದಿಂದ ಆ ತಿರುಪಿಗೆ ಒಂದೆರಡು ಓಮ್‌ನೊಳಗೆ ಬರಬೇಕು. ಆಂಟೆನಾ ಹಾಕಿಯೇ ಎರಡನೇ ಅಳತೆ ತೆಗೆದವರಿಗೆ ಒಂದು ಮಾತು: ಬುಡದಲ್ಲಿ ಸುರುಳಿಯಿರುವ ಕೆಲವು ಆಂಟೆನಾಗಳನ್ನು ಡಿಸಿಗೆ ಶಾರ್ಟ್ ಆಗಿ ಕಾಣುವಂತೆಯೇ ಕಟ್ಟಿರುತ್ತಾರೆ. ಅದನ್ನು ಕೆಟ್ಟಿದೆ ಎಂದು ಎಸೆಯಬೇಡಿ.

ಮೂರನೇ ಹಂತ: ಗ್ರೌಂಡ್ ಬೆಸೆಯುವುದು

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಮೌಂಟನ್ನು ಕನ್ನಡಿಯ ತೋಳಿನಿಂದ ಕಳಚಿ. ತೋಳಿಗೆ ಬಣ್ಣವೋ ಪೌಡರ್ ಕೋಟಿಂಗೋ ಇದ್ದರೆ ಮೌಂಟ್ ಹಿಡಿಯುವ ಜಾಗವನ್ನು ಹೊಳೆಯುವ ತನಕ ಎಮರಿ ಪೇಪರಿನಿಂದ ತಿಕ್ಕಿ. ಬೋಲ್ಟಿನ ಕೆಳಗೆ ಹಲ್ಲಿನ ವಾಷರ್ ಹಾಕಿ ಬಿಗಿದರೆ ಹಲ್ಲುಗಳು ಲೋಹಕ್ಕೆ ಕಚ್ಚಿಕೊಂಡು ಹಿಡಿಯುತ್ತವೆ. ಅಲ್ಯೂಮಿನಿಯಂ ತೋಳಿಗೆ ಬರಿ ತಾಮ್ರದ ಪಟ್ಟಿಯನ್ನು ನೇರವಾಗಿ ತಾಗಿಸಬಾರದು. ಮಳೆ ನೀರು ಸೇರಿದರೆ ಎರಡು ಲೋಹಗಳ ನಡುವೆ ಬ್ಯಾಟರಿಯಂಥ ಕ್ರಿಯೆ ನಡೆದು ಅಲ್ಯೂಮಿನಿಯಂ ಬಿಳಿ ಹುಡಿಯಾಗಿ ಕರಗುತ್ತದೆ, ಕೆಲವು ತಿಂಗಳಲ್ಲೇ ಗ್ರೌಂಡ್ ಹೋಗುತ್ತದೆ. ತವರ ಲೇಪನದ ಪಟ್ಟಿ, ಸ್ಟೇನ್‌ಲೆಸ್ ಬೋಲ್ಟು ಇಲ್ಲಿ ಸೂಕ್ತ.

ಆಮೇಲೆ ಸರಪಳಿಯ ಒಂದೊಂದು ಕೊಂಡಿ. ಬ್ರಾಕೆಟ್ಟಿನಿಂದ ಬಾಗಿಲಿನ ಲೋಹಕ್ಕೆ ಒಂದು ಪಟ್ಟಿ. ಬಾಗಿಲಿನಿಂದ ಕ್ಯಾಬಿನ್ ಕಂಬಕ್ಕೆ, ಹಿಂಜಿನ ಪಕ್ಕದಲ್ಲೇ, 15ರಿಂದ 20 ಸೆಂಟಿಮೀಟರಿನ ಇನ್ನೊಂದು ಪಟ್ಟಿ. ಬಾಗಿಲು ಪೂರ್ತಿ ತೆರೆದಾಗ ಎಳೆಯದಷ್ಟು, ಮುಚ್ಚಿದಾಗ ಸಂದಿಗೆ ಸಿಕ್ಕದಷ್ಟು ಸಡಿಲವಿರಲಿ. ಕ್ಯಾಬಿನ್ನಿನಿಂದ ಷಾಸಿಗೆ ಹೋಗುವ ಪಟ್ಟಿ ಬಹುತೇಕ ಲಾರಿಗಳಲ್ಲಿ ತಯಾರಕರೇ ಹಾಕಿರುತ್ತಾರೆ. ತುಕ್ಕು ಹಿಡಿದಿದ್ದರೆ ಬಿಚ್ಚಿ ಉಜ್ಜಿ ಮತ್ತೆ ಬಿಗಿಯಿರಿ. ಹೊಸದಾಗಿ ಹಾಕುವುದಾದರೆ ಕ್ಯಾಬಿನ್ ಮುಂದಕ್ಕೆ ಮಗುಚಿದಾಗಲೂ ಸಾಲುವಷ್ಟು ಉದ್ದ ಬಿಡಬೇಕು. ಅಷ್ಟು ಉದ್ದವಾದ ಪಟ್ಟಿಯಿಂದ 27 ಮೆಗಾಹರ್ಟ್ಸ್‌ಗೆ ದೊಡ್ಡ ಉಪಕಾರವೇನೂ ಆಗದು, ಗದ್ದಲ ತಗ್ಗಲು ಮಾತ್ರ ನೆರವಾಗುತ್ತದೆ. ಆಂಟೆನಾಗೆ ನಿಜವಾಗಿ ಬೇಕಾದ್ದು ಅದರ ಬುಡದಿಂದ ಒಂದೆರಡು ಮೀಟರಿನೊಳಗಿನ ಲೋಹ, ಅಂದರೆ ಬಾಗಿಲು ಮತ್ತು ಕ್ಯಾಬಿನ್ ಚೌಕಟ್ಟು. ಹಾಗಾಗಿ ಮೊದಲ ಎರಡು ಕೊಂಡಿಗಳ ಮೇಲೆ ಸಮಯ ಹಾಕಿ.

ಕೆಲಸ ಶುರು ಮಾಡುವ ಮೊದಲೇ ತೊಂದರೆ ಗ್ರೌಂಡಿನದೇ ಎಂದು ಖಚಿತ ಮಾಡಿಕೊಳ್ಳಬೇಕೆ? ಒಂದು ಗಿಡ್ಡ ಅಗಲ ಪಟ್ಟಿಯ ಎರಡು ತುದಿಗೂ ಕ್ಲಿಪ್ ಸಿಕ್ಕಿಸಿ, ಮೌಂಟಿನಿಂದ ಹತ್ತಿರದ ಬರಿ ಲೋಹಕ್ಕೆ ತಾತ್ಕಾಲಿಕವಾಗಿ ಹಿಡಿಸಿ ಎಸ್‌ಡಬ್ಲ್ಯುಆರ್ ನೋಡಿ. ಗಣನೀಯವಾಗಿ ಬದಲಾದರೆ ಕಳ್ಳ ಸಿಕ್ಕ ಹಾಗೆಯೇ.

ಬಾಗಿಲು, ಛಾವಣಿ, ಕಂಬ ಎಲ್ಲವೂ ಪ್ಲಾಸ್ಟಿಕ್ ಅಥವಾ ಫೈಬರ್ ಆಗಿರುವ ಕ್ಯಾಬಿನ್ನಿನಲ್ಲಿ ಪಟ್ಟಿಗಳ ಸರಪಳಿ ಬೆಳೆಸುತ್ತಾ ಹೋಗುವುದಕ್ಕಿಂತ ಗ್ರೌಂಡ್ ಪ್ಲೇನ್ ಬೇಡದ ಆಂಟೆನಾ ಕಿಟ್ ಹಾಕುವುದು ಮೇಲು. ಅದರಲ್ಲಿ ಕೇಬಲ್ಲೂ ಟ್ಯೂನಿಂಗಿನ ಭಾಗವೇ ಆಗಿರುವುದರಿಂದ ಅದನ್ನು ಕತ್ತರಿಸುವಂತಿಲ್ಲ, ಸಾಮಾನ್ಯ ಕೇಬಲ್ ಹಾಕುವಂತಿಲ್ಲ, ಆ ಕೇಬಲ್ಲಿಗೆ ಬೇರೆ ಆಂಟೆನಾ ಸಿಕ್ಕಿಸುವಂತೆಯೂ ಇಲ್ಲ.

ನಾಲ್ಕನೇ ಹಂತ: ಎಸ್‌ಡಬ್ಲ್ಯುಆರ್ ಓದುವುದು

ಲಾರಿಯನ್ನು ಬಯಲಿನಲ್ಲಿ ನಿಲ್ಲಿಸಿ. ಕಟ್ಟಡ, ಶೆಡ್ಡು, ಬೇರೆ ಲಾರಿ ಯಾವುದೂ ಐದಾರು ಮೀಟರಿನೊಳಗೆ ಇರಬಾರದು. ಮೇಲೆ ವಿದ್ಯುತ್ ತಂತಿ ಇರುವ ಕಡೆ ಆಂಟೆನಾ ಕೆಲಸವನ್ನೇ ಮಾಡಬೇಡಿ. ಬಾಗಿಲುಗಳು ಮುಚ್ಚಿರಲಿ, ಟ್ರೇಲರ್ ಎಳೆಯುವ ಲಾರಿಯಾದರೆ ಟ್ರೇಲರ್ ಜೋಡಿಸಿಯೇ ಅಳೆಯಿರಿ, ಆಂಟೆನಾ ಪಕ್ಕದಲ್ಲಿ ಜನ ನಿಲ್ಲಬಾರದು. ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟು ಓದಿದ ಅಂಕೆ ರಸ್ತೆಯಲ್ಲಿ ಇರುವುದಿಲ್ಲ.

ಸೆಟ್ಟಿಗೂ ಆಂಟೆನಾ ಕೇಬಲ್ಲಿಗೂ ನಡುವೆ ಮೀಟರ್ ಸೇರಿಸಿ. ಚಾನೆಲ್ ಖಾಲಿಯಿದೆಯೇ ಕೇಳಿಸಿಕೊಳ್ಳಿ; ತುರ್ತು ಕರೆಗೆ ಮೀಸಲಾದ ಚಾನೆಲ್ಲಿನಲ್ಲಿ ಪರೀಕ್ಷೆ ಬೇಡ. ಮೀಟರನ್ನು ಫಾರ್ವರ್ಡ್‌ಗೆ ಇಟ್ಟು ಮೈಕ್ ಗುಂಡಿ ಒತ್ತಿ, ಮಾತಾಡದೆ, ಮೀಟರಿನ ಮುಳ್ಳು ಸೆಟ್ ಗೆರೆಗೆ ಬರುವಂತೆ ಅದರ ನಾಬ್ ತಿರುಗಿಸಿ. ಕೂಡಲೇ ರಿಫ್ಲೆಕ್ಟೆಡ್‌ಗೆ ಬದಲಿಸಿ ಓದಿ. ಒಂದು ಸಲಕ್ಕೆ ಐದು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ. ಹೀಗೆ 1, 20, 40ನೇ ಚಾನೆಲ್‌ಗಳಲ್ಲಿ ಓದಿ ಬರೆದುಕೊಳ್ಳಿ. ಪ್ರತಿ ಚಾನೆಲ್ಲಿಗೂ ಮತ್ತೆ ಸೆಟ್ ಮಾಡಬೇಕು.

1.5ರ ಒಳಗೆ ಬಂದರೆ ಹಿಂದಿರುಗುವ ಶಕ್ತಿ ಶೇಕಡಾ 4 ಮಾತ್ರ, ಅದರ ಹಿಂದೆ ಬೀಳಬೇಕಿಲ್ಲ. 2ಕ್ಕೆ ಶೇಕಡಾ 11 ಹಿಂದಿರುಗುತ್ತದೆ; ಕೆಲಸ ನಡೆಯುತ್ತದೆ, ಸರಿಪಡಿಸಿದರೆ ಒಳ್ಳೆಯದು. 3 ಮುಟ್ಟಿದರೆ ಕಾಲು ಭಾಗ ಶಕ್ತಿ ವಾಪಸ್ಸು. ಅದಕ್ಕಿಂತ ಮೇಲಿದ್ದರೆ ಸೆಟ್ಟಿನಲ್ಲಿ ಮಾತಾಡುವುದನ್ನೇ ನಿಲ್ಲಿಸಿ. 1.4 ಇದ್ದದ್ದನ್ನು 1.1ಕ್ಕೆ ಇಳಿಸಲು ದಿನವಿಡೀ ಒದ್ದಾಡುವವರಿದ್ದಾರೆ. ಕೇಳುವವರ ಕಿವಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮೂರು ಅಂಕೆಗಳು ಸೇರಿ ಹೇಳುವ ಕಥೆ ಹೀಗೆ. 1ರಲ್ಲಿ ಹೆಚ್ಚು, 40ರಲ್ಲಿ ಕಡಿಮೆ: ಆಂಟೆನಾ ಗಿಡ್ಡವಾಯಿತು, ಉದ್ದ ಮಾಡಬೇಕು. 1ರಲ್ಲಿ ಕಡಿಮೆ, 40ರಲ್ಲಿ ಹೆಚ್ಚು: ಉದ್ದವಾಯಿತು, ಗಿಡ್ಡ ಮಾಡಬೇಕು. ನಡುವೆ ಕಡಿಮೆಯಿದ್ದು ಎರಡೂ ತುದಿಗಳಲ್ಲಿ ಸರಿಸಮವಾಗಿ ತುಸು ಏರಿದರೆ ಟ್ಯೂನಿಂಗ್ ಮುಗಿಯಿತು. ಮೂರರಲ್ಲೂ 3ಕ್ಕಿಂತ ಮೇಲೆ: ಟ್ಯೂನಿಂಗ್ ಮರೆತುಬಿಡಿ. ಶಾರ್ಟ್, ತುಂಡಾದ ತಂತಿ ಅಥವಾ ಗ್ರೌಂಡ್ ಇಲ್ಲದ್ದು, ಈ ಮೂರರಲ್ಲಿ ಒಂದು. ಹಿಂದಿನ ಹಂತಗಳಿಗೆ ವಾಪಸ್ಸು ಹೋಗಿ.

ಗ್ರೌಂಡ್ ಸರಿಯಿಲ್ಲ ಎಂಬುದಕ್ಕೆ ಎಸ್‌ಡಬ್ಲ್ಯುಆರ್ ಅಂಕೆಗಿಂತ ಖಚಿತವಾದ ಸುಳಿವುಗಳಿವೆ. ಮೀಟರ್ ಓದುತ್ತಿರುವಾಗ ಕೇಬಲ್ಲನ್ನು ಕೈಯಲ್ಲಿ ಹಿಡಿದರೆ ಅಂಕೆ ಬದಲಾಗುತ್ತದೆ. ಜಂಪರ್ ಕೇಬಲ್ಲಿನ ಉದ್ದ ಬದಲಿಸಿದರೆ ಬೇರೆಯೇ ಅಂಕೆ ಬರುತ್ತದೆ. ಮಾತಾಡುವಾಗ ಮೈಕ್‌ನ ಲೋಹ ತುಟಿಗೆ ಚುರ್ ಎನ್ನುತ್ತದೆ, ಡ್ಯಾಶ್‌ಬೋರ್ಡಿನ ದೀಪಗಳು ಮಿನುಗುತ್ತವೆ, ಕ್ಯಾಬಿನ್ ಸ್ಪೀಕರಿನಲ್ಲಿ ನಿಮ್ಮದೇ ದನಿ ಗೊಗ್ಗರಾಗಿ ಕೇಳುತ್ತದೆ. ಮೌಂಟಿನಲ್ಲಿ ಹರಿಯಲು ಲೋಹ ಸಿಗದ ಕರೆಂಟ್ ಕೇಬಲ್ಲಿನ ಹೊರಮೈ ಹಿಡಿದು ಕ್ಯಾಬಿನ್ನಿನೊಳಗೆ ಬರುತ್ತಿದೆ, ಅಂದರೆ ಕೇಬಲ್ಲೇ ಆಂಟೆನಾದ ಭಾಗವಾಗಿದೆ. ಕೇಬಲ್ಲಿಗೆ ಫೆರೈಟ್ ಉಂಗುರ (ಹೊರಮೈಯ ಕರೆಂಟನ್ನು ತಡೆಯುವ ಕಾಂತೀಯ ವಸ್ತುವಿನ ಉಂಗುರ) ಹಾಕಿದರೆ ಇದು ಅಡಗುತ್ತದೆ, ಆದರೆ ಕಾರಣ ಹಾಗೇ ಉಳಿಯುತ್ತದೆ. ಮೌಂಟ್ ಸರಿಪಡಿಸಿದ ಮೇಲೂ ಉಳಿದದ್ದಕ್ಕೆ ಫೆರೈಟ್ ಬಳಸಿ.

ಕೇಬಲ್ಲೋ ಆಂಟೆನಾವೋ?

ಸ್ಟಡ್ ಕಡೆಯಿಂದ ಕೇಬಲ್ ಬಿಚ್ಚಿ ಅದರ ತುದಿಗೆ ಡಮ್ಮಿ ಲೋಡ್ ಹಾಕಿ ಮತ್ತೆ ಅಳೆಯಿರಿ. ಮೂರೂ ಚಾನೆಲ್ಲಿನಲ್ಲಿ 1.2ರೊಳಗೆ ಬಂದರೆ ಕೇಬಲ್ ಮೇಲ್ನೋಟಕ್ಕೆ ನಿರ್ದೋಷಿ, ತಪ್ಪು ಮೌಂಟ್ ಅಥವಾ ಆಂಟೆನಾದ್ದು. ಬಾರದಿದ್ದರೆ ಕೇಬಲ್ ಬದಲಿಸಿ.

ನೀರು ಕುಡಿದ ಕೇಬಲ್ ಮಾತ್ರ ಈ ಪರೀಕ್ಷೆಯಲ್ಲೂ ತಪ್ಪಿಸಿಕೊಳ್ಳಬಹುದು. ಹೊರಜಾಲರಿ ಕಪ್ಪಾಗಿ ಶಕ್ತಿಯನ್ನು ದಾರಿಯಲ್ಲೇ ಬಿಸಿಯಾಗಿ ನುಂಗುತ್ತದೆ. ಹಿಂದಿರುಗುವ ಶಕ್ತಿಯನ್ನೂ ನುಂಗುವುದರಿಂದ ಎಸ್‌ಡಬ್ಲ್ಯುಆರ್ ಸುಂದರವಾಗಿ ಕಾಣುತ್ತದೆ, ಮಾತು ಮಾತ್ರ ದೂರ ಹೋಗುವುದಿಲ್ಲ. ಐದೂವರೆ ಮೀಟರಿನ ಒಳ್ಳೆಯ ಆರ್‌ಜಿ-58 ಕೇಬಲ್ 27 ಮೆಗಾಹರ್ಟ್ಸ್‌ನಲ್ಲಿ ಅರ್ಧ ಡೆಸಿಬೆಲ್‌ನಷ್ಟು ಮಾತ್ರ ಕಳೆಯಬೇಕು. ಅನಲೈಸರ್ ಇದ್ದರೆ ಆಂಟೆನಾ ತೆಗೆದು ಕೇಬಲ್ಲಿನ ತುದಿ ತೆರೆದಿಟ್ಟು ಓದಿ: ಎಸ್‌ಡಬ್ಲ್ಯುಆರ್ ಅಂಕೆ 10ಕ್ಕಿಂತ ಬಹಳ ಮೇಲೆ ಹೋಗಬೇಕು. 3 ಎಂದು ತೋರಿಸಿದರೆ ಕೇಬಲ್ ಒಂದು ದಾರಿಗೆ 3 ಡೆಸಿಬೆಲ್, ಅಂದರೆ ಅರ್ಧ ಶಕ್ತಿ ತಿನ್ನುತ್ತಿದೆ. ಅನಲೈಸರ್ ಕಳಿಸುವುದು ತೀರಾ ಸಣ್ಣ ಶಕ್ತಿಯಾದ್ದರಿಂದ ಈ ಪರೀಕ್ಷೆ ಅದಕ್ಕೆ ಸುರಕ್ಷಿತ, ಸೆಟ್ಟಿನಿಂದ ಮಾಡಬಾರದು.

ಎರಡು ಆಂಟೆನಾ ಇರುವ ಲಾರಿ

ಎರಡೂ ಕನ್ನಡಿಗೆ ಒಂದೊಂದು ಆಂಟೆನಾ ಇದ್ದರೆ ಅವುಗಳ ಕೇಬಲ್ ಸಾಮಾನ್ಯ 50 ಓಮ್‌ನದ್ದಲ್ಲ, ಆರ್‌ಜಿ-59ರಂಥ 75 ಓಮ್‌ನದ್ದು. ಘನ ಪಾಲಿಥೀನ್ ಇರುವ ಕೇಬಲ್ಲಿನಲ್ಲಿ ತರಂಗದ ವೇಗ ಬಯಲಿನಲ್ಲಿರುವುದರ ಶೇಕಡಾ 66. ಆ ಲೆಕ್ಕದಲ್ಲಿ ಮುಕ್ಕಾಲು ಅಲೆಗೆ ಸುಮಾರು 5.5 ಮೀಟರ್, ಅಂದರೆ 18 ಅಡಿ. ಅಷ್ಟುದ್ದದ 75 ಓಮ್ ಕೇಬಲ್ 50 ಓಮ್‌ನ ಆಂಟೆನಾವನ್ನು 112 ಓಮ್ ಆಗಿ ತೋರಿಸುತ್ತದೆ. ಎರಡು 112 ಓಮ್ ಪಕ್ಕಪಕ್ಕ ಸೇರಿದಾಗ 56, ಸೆಟ್ಟಿಗೆ ಒಪ್ಪಿಗೆ. ಈ ಲೆಕ್ಕ ಗೊತ್ತಿಲ್ಲದೆ ಹೆಚ್ಚಾಯಿತೆಂದು ಒಂದು ಬದಿಯ ಕೇಬಲ್ ಕತ್ತರಿಸಿದರೆ ಎರಡೂ ಆಂಟೆನಾ ಹಾಳಾದಂತೆ. ಒಂದು ಕೇಬಲ್ ಕೆಟ್ಟರೆ ಜೋಡಿಯನ್ನೇ ಬದಲಿಸಿ.

ಯಾವ ಬದಿ ಸತ್ತಿದೆ ಎಂದು ತಿಳಿಯಲು ದೂರದ ಒಂದು ಸಣ್ಣ ಸಿಗ್ನಲ್ ಕೇಳುತ್ತಾ ಒಂದೊಂದೇ ಆಂಟೆನಾ ಬಿಚ್ಚಿ. ಬಿಚ್ಚಿದರೂ ಏನೂ ಬದಲಾಗದ ಬದಿಯೇ ಸತ್ತ ಬದಿ. ಟ್ಯೂನ್ ಮಾಡುವಾಗ ಎರಡನ್ನೂ ಸಮಸಮನಾಗಿ, ಒಂದಕ್ಕೆ ಅರ್ಧ ಸುತ್ತು ತಿರುಗಿಸಿದರೆ ಇನ್ನೊಂದಕ್ಕೂ ಅರ್ಧ ಸುತ್ತು ತಿರುಗಿಸಬೇಕು. ಎರಡೂ ಮೌಂಟಿನ ಗ್ರೌಂಡ್ ಒಂದೇ ತೆರನಾಗಿರದಿದ್ದರೆ ಯಾವ ಟ್ಯೂನಿಂಗೂ ನಿಲ್ಲದು.

ಕೊನೆಗೆ ಟ್ಯೂನಿಂಗ್

ತುದಿಯ ತಿರುಪನ್ನು ಒಮ್ಮೆಗೆ ಅರ್ಧ ಸುತ್ತಿನಷ್ಟೇ ತಿರುಗಿಸಿ, ಟೋಪಿ ಹಾಕಿ, ಮೂರೂ ಚಾನೆಲ್ ಓದಿ. ಕತ್ತರಿಸಬೇಕಾದ ಉಕ್ಕಿನ ಕಡ್ಡಿಯಾದರೆ ಒಮ್ಮೆಗೆ 3 ಮಿಲಿಮೀಟರಿಗಿಂತ ಹೆಚ್ಚು ಬೇಡ. ಹೋದದ್ದನ್ನು ಮತ್ತೆ ಅಂಟಿಸಲಾಗದು. ಆಂಟೆನಾದ ಸುರುಳಿಯಿರುವ ಮೇಲ್ಭಾಗ ಕ್ಯಾಬಿನ್ನಿನ ಛಾವಣಿಗಿಂತ ಮೇಲೆ ಬರುವಂತೆ ಮೌಂಟನ್ನು ತೋಳಿನ ಮೇಲೇರಿಸಿದರೆ, ಎಷ್ಟೋ ಸಲ ಟ್ಯೂನಿಂಗಿನಿಂದ ಆಗದ ಸುಧಾರಣೆ ಅಷ್ಟರಿಂದಲೇ ಆಗುತ್ತದೆ.

ಕರೆಂಟಿನ ಕಡೆಯ ಗ್ರೌಂಡ್

ಇದನ್ನು ಬೇರೆಯಾಗಿಯೇ ನೋಡಬೇಕು. ಸೆಟ್ ಆನ್ ಮಾಡಿ, ಅದರ ಕಪ್ಪು ತಂತಿಯನ್ನು ಬಿಚ್ಚಿ. ದೀಪ ಆರದೆ ಉರಿಯುತ್ತಲೇ ಇದ್ದರೆ ಕರೆಂಟ್ ಸೆಟ್ಟಿನ ಬ್ರಾಕೆಟ್ ಅಥವಾ ಆಂಟೆನಾ ಕೇಬಲ್ಲಿನ ಜಾಲರಿಯ ಮೂಲಕ ವಾಪಸ್ಸಾಗುತ್ತಿದೆ. ಹೀಗೊಂದು ದಾರಿ ಇರುವುದೇ ತಪ್ಪಲ್ಲ, ಆದರೆ ಕಪ್ಪು ತಂತಿ ಸಡಿಲವಾದರೂ ನಿಮಗೆ ತಿಳಿಯುವುದಿಲ್ಲ ಎಂದರ್ಥ. ಎಂಜಿನ್ನಿನಿಂದ ಷಾಸಿಗೆ ಹೋಗುವ ದಪ್ಪ ಪಟ್ಟಿ ತುಂಡಾದ ಲಾರಿಯಲ್ಲಿ ಸ್ಟಾರ್ಟರಿನ ಕರೆಂಟ್ ಕೂಡ ಇಂಥ ಸಣ್ಣ ದಾರಿಗಳನ್ನು ಹುಡುಕಿ ಬಂದು ಕೇಬಲ್ಲಿನ ಜಾಲರಿಯನ್ನು ಸುಡಬಹುದು. ಸುಟ್ಟ ಕೇಬಲ್ ಬದಲಿಸುವ ಮೊದಲು ಆ ಪಟ್ಟಿಯನ್ನು ನೋಡಿ.

ಎಂಜಿನ್ ಓಡುತ್ತಿರುವಾಗ, ಮೈಕ್ ಗುಂಡಿ ಒತ್ತಿ, ಸೆಟ್ಟಿನ ಲೋಹದ ಮೈಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಡಿಸಿ ವೋಲ್ಟ್ ಅಳೆಯಿರಿ. 0.2 ವೋಲ್ಟಿಗಿಂತ ಹೆಚ್ಚಿದ್ದರೆ ನೆಗೆಟಿವ್ ದಾರಿಯಲ್ಲಿ ತುಕ್ಕೋ ಸಡಿಲವೋ ಇದೆ. 24 ವೋಲ್ಟಿನ ಲಾರಿಯಲ್ಲಿ 12 ವೋಲ್ಟಿನ ಸೆಟ್ಟಿಗೆ ಎರಡು ಬ್ಯಾಟರಿಗಳ ನಡುವಿನಿಂದ ತಂತಿ ಎಳೆಯುವ ಚಾಳಿ ಬಿಡಬೇಕು. ಒಂದು ಬ್ಯಾಟರಿ ಸದಾ ಹೆಚ್ಚು ಖಾಲಿಯಾಗಿ, ಇನ್ನೊಂದು ಹೆಚ್ಚು ಚಾರ್ಜಾಗಿ, ಎರಡೂ ಬೇಗ ಹಾಳಾಗುತ್ತವೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿ, ಸೆಟ್ಟಿನ ಪ್ಲಸ್ ತಂತಿಗೆ ತಯಾರಕರು ಹೇಳಿದ ಅಳತೆಯ ಫ್ಯೂಸ್ ಇರಲಿ.

ಕನ್ವರ್ಟರ್, ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್ ಇವೆಲ್ಲ ಗದ್ದಲದ ಗೂಡುಗಳು. ಗದ್ದಲ ಬರುವ ದಾರಿ ತಿಳಿಯುವುದು ಸುಲಭ: ಕೇಳುತ್ತಿರುವಾಗ ಆಂಟೆನಾ ಕೇಬಲ್ ಬಿಚ್ಚಿ. ಗದ್ದಲ ನಿಂತರೆ ಅದು ಆಂಟೆನಾದಿಂದ ಬರುತ್ತಿತ್ತು. ಒಂದೊಂದೇ ಉಪಕರಣ ಆಫ್ ಮಾಡುತ್ತಾ ತಪ್ಪಿತಸ್ಥನನ್ನು ಹುಡುಕಿ. ನಿಲ್ಲದಿದ್ದರೆ ಕರೆಂಟಿನ ತಂತಿಯಿಂದ ಬರುತ್ತಿದೆ. ಪ್ಲಸ್, ಮೈನಸ್ ಎರಡನ್ನೂ ಒಟ್ಟಿಗೆ ಫೆರೈಟ್ ಉಂಗುರದೊಳಗೆ ಐದಾರು ಸುತ್ತು ಸುತ್ತಿ, ಸಾಧ್ಯವಾದರೆ ನೇರ ಬ್ಯಾಟರಿಯಿಂದ ಕರೆಂಟ್ ತನ್ನಿ. ಎಂಜಿನ್ ವೇಗದೊಂದಿಗೆ ಏರಿಳಿಯುವ ಸಿಳ್ಳೆಯಾದರೆ ಆಲ್ಟರ್ನೇಟರ್ ಕಡೆ ನೋಡಿ.

ಎಲ್ಲ ಸರಿಯಾದ ಮೇಲೆ ಮೌಂಟಿನ ಕೆಳಗಿನ ಕನೆಕ್ಟರಿಗೆ ರಬ್ಬರ್ ಟೇಪನ್ನು ಎಳೆದು ಹಿಗ್ಗಿಸಿ, ಕೆಳಗಿನಿಂದ ಮೇಲಕ್ಕೆ, ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚುವಂತೆ ಸುತ್ತಿ. ಆಗ ಪದರಗಳು ಹೆಂಚಿನಂತೆ ಮೇಲಿನದು ಕೆಳಗಿನದನ್ನು ಮುಚ್ಚಿ ನೀರು ಜಾರಿಹೋಗುತ್ತದೆ. ಕೇಬಲ್ ಕ್ಯಾಬಿನ್ ಹೊಗುವ ಮುನ್ನ ಒಂದು ಸಣ್ಣ ಇಳಿಬಳುಕು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ. ಗ್ರೌಂಡ್ ಪಟ್ಟಿಯ ಬೋಲ್ಟುಗಳಿಗೆ ಬಿಗಿದ ನಂತರ ಹೊರಗಿನಿಂದ ಪೇಂಟ್ ಬಳಿಯಿರಿ. ಮೂರೂ ಚಾನೆಲ್ಲಿನ ಅಂಕೆಗಳನ್ನು ಒಂದು ಚೀಟಿಯಲ್ಲಿ ಬರೆದು ಸೆಟ್ಟಿನ ಬದಿಗೆ ಅಂಟಿಸಿ. ವಾರ ಓಡಿಸಿದ ಮೇಲೆ ಮೌಂಟಿನ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿದು, ಅದೇ ಮೀಟರಿನಿಂದ ಮತ್ತೆ ಅಳೆದು ಚೀಟಿಯೊಂದಿಗೆ ಹೋಲಿಸಿ.